ಜೆಲ್ಲು ಬೆಚ್ಚಗೆ ಮಾಡುವ ಡಾಕ್ಟರಮ್ಮ

ಆಗ ನನಗೆ ಅರವತ್ತೆರಡು. ಆರು ವರ್ಷದ ಹಿಂದಿನ ಮಾತು. ಮಾನ್ವಿಯಲ್ಲಿ ಬಸುರಿಯರಿಗೆ ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮ ಒಬ್ಬರಿದ್ದರು. ಹೊಟ್ಟೆಗೆ ಹಚ್ಚುವ ತಣ್ಣನೆಯ ಜೆಲ್ಲನ್ನು ಮೊದಲು ತಮ್ಮ ಅಂಗೈಯಲ್ಲಿ ಬೆಚ್ಚಗೆ ಮಾಡುವರು. ಅತ್ತೆಯರು ಬಾಯಿ ತೆರೆದರೆ ಸಾಕು, "ಅದನ್ನ ಕೇಳಬ್ಯಾಡ್ರಿ ಯವ್ವಾ" ಎನ್ನುವರು.

ನನ್ನ ಸೊಸೆಗೆ ಎರಡು ಕೂಸು ಹೊಟ್ಟೆಯಲ್ಲೇ ಹೋಗಿದ್ದವು. ಮೂರನೆಯದಕ್ಕೆ ನಾನೂ ಅವಳೊಂದಿಗೆ ಒಳಗೆ ಹೋಗಿ, "ಏನದರೀ?" ಎಂದೆ.

"ಅದನ್ನ ಕೇಳಬ್ಯಾಡ್ರಿ ಯವ್ವಾ. ಗಂಡೋ ಹೆಣ್ಣೋ ಹೇಳಂಗಿಲ್ಲ."

"ಅದು ಯಾರಿಗೆ ಬೇಕ್ರಿ? ಜೀವ ಅದನೋ ಇಲ್ಲೋ, ಅಷ್ಟು ಹೇಳ್ರಿ."

ಅವರು ನಕ್ಕು ಮಷೀನಿನ ಸದ್ದು ಜೋರು ಮಾಡಿದರು. ಕೂಸಿನ ಎದೆಬಡಿತ ಅಕ್ಕಿ ಮಿಲ್ಲಿನ ಬೆಲ್ಟಿನಂತೆ ದಡದಡ ಕೇಳಿಸಿತು.

"ಕೇಳ್ರಿ, ಅಜ್ಜಿಗೆ ಬೈಯಾಕತ್ತದ."

ಸೊಸೆ ಮಲಗಿದಲ್ಲೇ ನಕ್ಕಳು.

ಮರುದಿನ ಬೆಳಿಗ್ಗೆ ಬಳೆಗಾರನನ್ನು ಮನೆಗೆ ಕರೆಸಿ, ಅವಳ ಎರಡೂ ಕೈತುಂಬ ಹಸಿರು ಬಳೆ ಇಡಿಸಿದೆ.