ಗಂಗಕ್ಕ ಸಿಟ್ಟು ಬಿಟ್ಟಿದ್ದು

ವಿಜಯನಗರದ ನಮ್ಮ ವಠಾರದಲ್ಲಿ ಗಂಗಲಕ್ಷ್ಮಮ್ಮನಿಗೆ ಹೆದರದವರು ಯಾರೂ ಇರಲಿಲ್ಲ. ಹಾಲಿನವನು ಅವರ ಬಾಗಿಲಲ್ಲಿ ಮಾತ್ರ ನೀರು ಬೆರೆಸದ ಹಾಲು ಅಳೆಯುತ್ತಿದ್ದ. ನಲ್ಲಿ ಹತ್ತಿರ ಜಗಳ ಶುರುವಾದಾಗ ಅವರು ಕೊಡ ಹಿಡಿದು ಬಂದರೆ ಸಾಕು, ಎಲ್ಲರೂ ಬಾಯಿ ಮುಚ್ಚಿಕೊಂಡು ಸಾಲಾಗಿ ನಿಲ್ಲುತ್ತಿದ್ದೆವು. ನಾನು ಮದುವೆಯಾಗಿ ಆ ವಠಾರಕ್ಕೆ ಬಂದ ಹೊಸತರಲ್ಲಿ ಬಚ್ಚಲ ಬಾಗಿಲು ಹಾಕಲಿಲ್ಲವೆಂದು ನನಗೂ ಬೈದಿದ್ದರು. ನಾನೇನು ಕೇಳಿಸಿಕೊಂಡು ಸುಮ್ಮನಿರುವವಳೇ? ತಿರುಗಿಸಿ ಬೈದೆ. ಆವತ್ತಿನಿಂದ ನಮ್ಮಿಬ್ಬರಿಗೂ ಸ್ನೇಹ. ನನಗೆ ಅವರು ಗಂಗಕ್ಕ ಆದರು. ಅವರು ನನ್ನನ್ನು ಕಲ್ಯಾಣಿ ಅಂತ ಕರೆಯುತ್ತಿದ್ದರು, ಸಿಟ್ಟು ಬಂದಾಗ ಬೇರೆ ಬೇರೆ ಹೆಸರುಗಳಿಂದಲೂ ಕರೆಯುತ್ತಿದ್ದರು.

ಅವರು ಮನೆಯಲ್ಲೇ ಕೂತು ಹಲಗೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದರು. ಕಾಮಾಕ್ಷಿಪಾಳ್ಯದ ಒಬ್ಬ ಕಂಟ್ರಾಕ್ಟರ್ ಸೈಕಲ್ಲಿನಲ್ಲಿ ಇದ್ದಿಲ ಪುಡಿ, ಬಿದಿರು ಕಡ್ಡಿ ತಂದುಹಾಕಿ, ಹೊಸೆದಿಟ್ಟ ಕಟ್ಟುಗಳನ್ನು ಒಯ್ಯುತ್ತಿದ್ದ. ಎಷ್ಟು ತೊಳೆದರೂ ಅವರ ಅಂಗೈ ಕಪ್ಪಗೇ ಇರುತ್ತಿತ್ತು. ಗಂಡ ಬೈರಯ್ಯ ರಾಜಾಜಿನಗರದ ಯಾವುದೋ ಕಾರ್ಖಾನೆಯಲ್ಲಿ ವಾಚ್‌ಮನ್. ಆ ಮನೆಯಲ್ಲಿ ಮಾತಾಡುವ ಸರದಿ ಅವರಿಗೆ ಬಂದದ್ದನ್ನು ನಾನಂತೂ ಕಾಣೆ. ಇದ್ದವಳು ಒಬ್ಬಳೇ ಮಗಳು, ವಿಮಲ. ಅವಳನ್ನು ಬಾಪೂಜಿ ನಗರದ ಮುನಿಲಕ್ಷ್ಮಮ್ಮನ ಮಗ ಚನ್ನಕೇಶವನಿಗೆ ಕೊಟ್ಟಿದ್ದರು.

ಎಂಬತ್ತೆರಡನೇ ಇಸವಿಯಲ್ಲಿ ವಿಮಲ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಬಸುರಿಯನ್ನು ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಕರೆತರಬೇಕು, ಎಂಟರಲ್ಲಿ ಹೊಸಿಲು ದಾಟಿಸಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಏಳು ಮುಗಿಯುವ ಮುಂಚೆಯೇ ಗಂಗಕ್ಕ ಹೂವು ಹಣ್ಣು ಹಸಿರು ಬಳೆ ಹಿಡಿದುಕೊಂಡು ಕರೆಯಲು ಹೋದರು. ಬೀಗಿತ್ತಿ ಮುನಿಲಕ್ಷ್ಮಮ್ಮ, "ನಾಳೆ ಅಮಾವಾಸ್ಯೆ, ಕಳೀಲಿ ಬಿಡಿ, ನಾವೇ ಕಳಿಸ್ತೀವಿ" ಅಂದರು. ಅಮಾವಾಸ್ಯೆ ಕಳೆಯಿತು. ಆಮೇಲೆ ಅಳಿಯನಿಗೆ ಜ್ವರ ಬಂತು. ಅಷ್ಟರಲ್ಲಿ ಎಂಟಕ್ಕೆ ಬಿತ್ತು. ಎಂಟರ ನಡುವೆ ಒಂದು ಮಧ್ಯಾಹ್ನ ವಿಮಲನಿಗೆ ಇದ್ದಕ್ಕಿದ್ದಂತೆ ನೋವು ಕಾಣಿಸಿಕೊಂಡಿತು. ಆಟೋ ಹುಡುಕಿ ಆಸ್ಪತ್ರೆ ಮುಟ್ಟಿಸುವ ಹೊತ್ತಿಗೆ ಬಹಳ ರಕ್ತ ಹೋಗಿತ್ತು. ಹೆಣ್ಣುಮಗು ಹೇಗೋ ಉಳಿಯಿತು, ವಿಮಲ ಉಳಿಯಲಿಲ್ಲ. ಗಂಗಕ್ಕ ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಹೀಗೇ ಹೇಳುತ್ತಿದ್ದರು. ಕೊನೆಗೆ, "ಏಳರಲ್ಲೇ ಕಳಿಸಿದ್ರೆ ನನ್ನ ಮಗಳು ಬದುಕ್ತಿದ್ಲು" ಅನ್ನುತ್ತಿದ್ದರು. ನಮಗೂ ಹಾಗೇ ಅನ್ನಿಸುತ್ತಿತ್ತು.

ಮಣ್ಣು ಮಾಡುವಾಗ ಅವರು ಅಳಲಿಲ್ಲ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ, ನೆಂಟರೆಲ್ಲ ಊಟಕ್ಕೆ ಕೂತಿರುವಾಗ, ಬೀಗಿತ್ತಿಯ ಮನೆ ಮುಂದೆ ಬೀದಿಯ ಮಣ್ಣನ್ನು ಹಿಡಿ ತುಂಬ ಎತ್ತಿ ಹೊಸಿಲಿನ ಮೇಲೆ ತೂರಿದರು. "ನನ್ನ ಮಗಳನ್ನ ತಿಂದ್ಕೊಂಡ್ಯಲ್ಲೇ, ನಿನ್ನ ಮನೆ ಮಣ್ಣಾಗ್ಹೋಗ!" ಎಂದು ಕೂಗಿದರು. ಮಣ್ಣು ತೂರಿ ಹಾಕಿದ ಶಾಪ ಎಂದರೆ ನಮ್ಮಲ್ಲಿ ಗಂಡಸರೂ ನಡುಗುತ್ತಾರೆ. ಮುನಿಲಕ್ಷ್ಮಮ್ಮ ಒಂದು ಮಾತೂ ಆಡದೆ ಒಳಗೆ ಹೋದರಂತೆ. ಚನ್ನಕೇಶವ ಮಾತ್ರ, ಈ ಹೆಂಗಸು ಇನ್ನು ನಮ್ಮ ಮನೆಗೆ ಕಾಲಿಡಕೂಡದು, ಮಗುವನ್ನು ಮುಟ್ಟಕೂಡದು ಎಂದುಬಿಟ್ಟ.

ಅಲ್ಲಿಂದ ಗಂಗಕ್ಕನಿಗೆ ಉಳಿದ ಆಸೆ ಒಂದೇ, ಆ ಮಗುವನ್ನು ಎತ್ತಿಕೊಳ್ಳಬೇಕು. ಮಗುವಿಗೆ ಶೈಲ ಎಂದು ಹೆಸರಿಟ್ಟರೆಂಬುದು ಕೂಡ ಅವರಿಗೆ ಗೊತ್ತಾಗಿದ್ದು ಬೀದಿಯವರ ಬಾಯಿಂದ. ಬಾಪೂಜಿ ನಗರದ ಆ ರಸ್ತೆಯ ತಿರುವಿನಲ್ಲಿ ಸೊಪ್ಪಿನವಳ ಗಾಡಿ ಪಕ್ಕ ನಿಂತು ನೋಡಿ ಬರುತ್ತಿದ್ದರು. ಇವರನ್ನು ಕಂಡ ಕೂಡಲೇ ಆ ಮನೆಯವರು ಮಗುವನ್ನು ಒಳಗೆ ಎತ್ತಿಕೊಂಡು ಹೋಗುತ್ತಿದ್ದರು. ಮನೆಗೆ ಬಂದು ಹಲಗೆಯ ಮುಂದೆ ಕೂತು ಬೀಗಿತ್ತಿಗೆ ಬೈಯುತ್ತಾ ಹೊಸೆದ ಕಡ್ಡಿಗಳು ಒಂದು ದಪ್ಪ, ಒಂದು ಸಣ್ಣ. ಕಂಟ್ರಾಕ್ಟರ್ ಕಟ್ಟುಕಟ್ಟೇ ವಾಪಸ್ ಹಾಕುತ್ತಿದ್ದ. ಊಟ ಸೇರುತ್ತಿರಲಿಲ್ಲ. ಬೈರಯ್ಯ ಅಪರೂಪಕ್ಕೆ ಬಾಯಿಬಿಟ್ಟು, "ನೀನು ಬಾಯಿ ಬಿಗಿ ಹಿಡಿದ್ರೆ ಮಗು ತೋರಿಸ್ತಾರೆ ಕಣೇ" ಅಂದರು. ಅದಕ್ಕೂ ಅವರಿಗೆ ಬೈಗುಳವೇ ಸಿಕ್ಕಿತು.

ಆರ್‌ಪಿಸಿ ಲೇಔಟಿನ ಗಣೇಶನ ಗುಡಿಯ ಅಂಗಳದಲ್ಲಿ ರಿಟೈರ್ಡ್ ಮೇಷ್ಟ್ರು ಸೇತುರಾಮ ಬೆಳಿಗ್ಗೆ ಬೆಳಿಗ್ಗೆ ಯೋಗದ ತರಗತಿ ನಡೆಸುತ್ತಿದ್ದರು. ಫೀಸಿಲ್ಲ, ಜಮಖಾನ ನಾವೇ ತರಬೇಕು. ನಾನು ಸೊಂಟನೋವಿಗೆಂದು ಹೋಗುತ್ತಿದ್ದೆ. ಆಸನಗಳಾದ ಮೇಲೆ ಅವರು ಮನಸ್ಸಿನ ವಿಚಾರ ಹೇಳುತ್ತಿದ್ದರು, ಆ ಹೊತ್ತಿಗೆ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತು. ಒಂದು ದಿನ ಗಂಗಕ್ಕನನ್ನು ಎಳೆದುಕೊಂಡು ಹೋದೆ. ಮೇಷ್ಟ್ರು ಕಣ್ಣು ಮುಚ್ಚಿಸಿ, ಯಾರ ಮೇಲೆ ಸಿಟ್ಟಿದೆಯೋ ಅವರನ್ನು ಕಣ್ಣ ಮುಂದೆ ತಂದುಕೊಳ್ಳಿ, ಉಸಿರು ಬಿಡುತ್ತಾ ಅವರು ಚೆನ್ನಾಗಿರಲಿ ಎಂದುಕೊಳ್ಳಿ ಅಂದರು.

"ನಂಗೆ ಅವಳು ಕಣ್ಮುಂದೆ ಬಂದ್ರೆ ಕಪಾಳಕ್ಕೆ ಬಿಡಬೇಕು ಅನ್ಸುತ್ತೆ ಮೇಷ್ಟ್ರೇ" ಅಂದರು ಗಂಗಕ್ಕ, ಎಲ್ಲರಿಗೂ ಕೇಳುವಂತೆ.

"ಬಿಡಿ. ಮನಸಲ್ಲೇ ಬಿಡಿ. ಆಮೇಲೆ ಉಸಿರು ಬಿಡಿ."

"ಎಷ್ಟು ಸಲ ಬಿಡಬಹುದು?"

"ಕೈ ನೋಯೋವರೆಗೂ ಬಿಡಿ ತಾಯಿ" ಅಂದರು ಮೇಷ್ಟ್ರು. ನಾವೆಲ್ಲ ನಕ್ಕೆವು, ಗಂಗಕ್ಕ ನಗಲಿಲ್ಲ. ಆದರೆ ಮಾರನೇ ದಿನ ನಾನು ಕರೆಯುವ ಮೊದಲೇ ಜಮಖಾನ ಮಡಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

ಅಷ್ಟು ಸುಲಭಕ್ಕೆ ಏನೂ ಆಗಲಿಲ್ಲ. ಕೆಲವು ತಿಂಗಳಾದ ಮೇಲೆ ಬೈರಯ್ಯ ಬೀಗರ ಮನೆಗೆ ಹೋಗಿ ಕಾಡಿ ಬೇಡಿ ಒಪ್ಪಿಸಿ ಬಂದರು. ಗಂಗಕ್ಕನ ಜೊತೆಗೆ ನಾನೂ ಹೋದೆ. ಒಳಗೆ ಕರೆದರು, ಚಾಪೆ ಹಾಕಿದರು. ಮಗು ಮಲಗಿದ್ದ ತೊಟ್ಟಿಲಿಗೆ ವಿಮಲನ ಹಳೇ ನೂಲಿನ ಸೀರೆ ಹಾಸಿದ್ದರು. ಮೆತ್ತಗಿರಲಿ ಎಂದು ಎಲ್ಲರೂ ಹಾಗೇ ಮಾಡುತ್ತಾರೆ. ಗಂಗಕ್ಕ ಅದನ್ನು ನೋಡಿದ್ದೇ, "ನನ್ನ ಮಗಳ ಸೀರೇನ ಉಚ್ಚೆಬಟ್ಟೆ ಮಾಡ್ಬಿಟ್ರಾ?" ಎಂದು ಎದ್ದುನಿಂತರು. ಕೊಟ್ಟ ಕಾಫಿ ಅಲ್ಲೇ ಉಳಿಯಿತು, ನಾವು ಬೀದಿಗೆ ಬಿದ್ದೆವು. ದಾರಿಯುದ್ದಕ್ಕೂ ನಾನು ಅವರಿಗೆ ಬೈದೆ. ಒಂದು ಸಲವೂ ಎದುರಾಡಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು.

ಆಮೇಲೆ ಅವರೇ ಒಂದು ಉಪಾಯ ಕಂಡುಕೊಂಡರು. ಕಡ್ಡಿ ಹೊಸೆಯುವಾಗ ಉಸಿರನ್ನು ಕೈಗೆ ಸೇರಿಸುವುದು. ಅಂಗೈ ಮುಂದಕ್ಕೆ ಹೋಗುವಾಗ ಉಸಿರು ಹೊರಗೆ, ಹಿಂದಕ್ಕೆ ಬರುವಾಗ ಒಳಗೆ. ಸಿಟ್ಟು ಬಂದರೆ ಕಡ್ಡಿ ದಪ್ಪವಾಗುತ್ತದೆ, ಆಗ ಅದನ್ನು ಅಳಿಸಿ ಮತ್ತೆ ಹೊಸೆಯುವುದು. ದಿನವಿಡೀ ಅದೇ ಅಭ್ಯಾಸ. ಹಲಗೆ ಎದುರಿಗಿಲ್ಲದಾಗ ಸೆರಗಿನ ಅಂಚನ್ನೇ ಬೆರಳ ನಡುವೆ ಹಾಗೆ ಹೊಸೆಯುತ್ತಿದ್ದರು. ಅವರ ಸೀರೆಗಳ ಸೆರಗೆಲ್ಲ ಮಸಿ. ಮೇಷ್ಟ್ರಿಗೆ ಹೇಳಿದಾಗ, "ನಾನು ಹೇಳ್ಕೊಟ್ಟಿದ್ದಕ್ಕಿಂತ ಇದೇ ಚೆನ್ನಾಗಿದೆ" ಎಂದರು. ಮುಂದಿನ ವರ್ಷ ಯುಗಾದಿಗೆ ಮತ್ತೆ ಬಾಪೂಜಿ ನಗರಕ್ಕೆ ಹೋದರು. ಇಡೀ ಹೊತ್ತು ಸೆರಗು ಹೊಸೆಯುತ್ತಾ ಕೂತಿದ್ದು, ಮಗುವನ್ನು ಒಂದು ಗಳಿಗೆ ತೊಡೆಯ ಮೇಲಿಟ್ಟುಕೊಂಡು, ಬಂದರು. ಮಗು ಇವರ ಮೂಗುಬೊಟ್ಟು ಎಳೆಯಿತಂತೆ. ಅದನ್ನು ವಠಾರದ ಪ್ರತಿ ಮನೆಗೂ ಹೋಗಿ ಹೇಳಿದರು.

ಅಳಿಯ ಮತ್ತೆ ಮದುವೆಯಾದ. ಹುಡುಗಿ ನೀಲ, ತಂದೆತಾಯಿ ಇಲ್ಲದವಳು, ಸೋದರಮಾವನ ಮನೆಯಲ್ಲಿ ಬೆಳೆದವಳು. ಎರಡನೆಯವಳಾಗಿ ಬಂದ ಹೆಣ್ಣು ಸತ್ತವಳ ಹೆಸರಿನಲ್ಲಿ ಒಂದು ಪುಟ್ಟ ಬಿಲ್ಲೆಯನ್ನು ತಾಳಿಯ ಜೊತೆ ಕಟ್ಟಿಕೊಳ್ಳಬೇಕು, ಸತ್ತವಳ ತವರನ್ನೇ ತನ್ನ ತವರು ಎಂದು ನಡೆದುಕೊಳ್ಳಬೇಕು. ಆ ತವರಿನವರೂ ಅವಳಿಗೆ ಮಡಿಲು ತುಂಬಿ ಮಗಳೇ ಎಂದು ಕರೆಯಬೇಕು. ಯಾರು ಮಾಡಿದ ಪದ್ಧತಿಯೋ, ಆ ಪುಣ್ಯಾತ್ಮನಿಗೆ ಹೆಣ್ಣುಮಕ್ಕಳಿದ್ದರೋ ಇಲ್ಲವೋ. ನೀಲ ಶೈಲನ ಕೈ ಹಿಡಿದುಕೊಂಡು ನಮ್ಮ ವಠಾರಕ್ಕೆ ಬಂದಳು. ಮಗು ಅವಳನ್ನು ಅಮ್ಮ ಎಂದಿತು. ಗಂಗಕ್ಕ ಅಕ್ಕಿ, ಕೊಬ್ಬರಿ, ರವಿಕೆ ಬಟ್ಟೆ ಮಡಿಲಿಗೆ ಹಾಕಿದರು. ಇನ್ನೊಂದು ಕೈ ಸೆರಗು ಹೊಸೆಯುತ್ತಲೇ ಇತ್ತು.

"ನಾನು ದಿನಾ ಅಕ್ಕಂಗೆ ದೀಪ ಹಚ್ತೀನಮ್ಮ" ಅಂದಳು ನೀಲ, ಆ ಬಿಲ್ಲೆ ಮುಟ್ಟಿಕೊಂಡು. ಒಳ್ಳೆಯ ಹುಡುಗಿ. ಒಳ್ಳೆಯವಳಾಗಿದ್ದದ್ದೇ ಗಂಗಕ್ಕನಿಗೆ ಕಷ್ಟವಾಯಿತು. ಅವಳು ಹೋದ ಮೇಲೆ ನನ್ನ ಹತ್ತಿರ, "ಕೆಟ್ಟವಳಾಗಿದ್ದಿದ್ರೆ ಚೆನ್ನಾಗಿತ್ತು ಕಣೇ" ಎಂದರು.

ಎಂಬತ್ತಾರರಲ್ಲಿ ನೀಲ ಬಸುರಿಯಾದಳು. ಬಾಣಂತನ ತಮ್ಮ ಮನೆಯಲ್ಲೇ ಎಂದು ಗಂಗಕ್ಕ ಒಪ್ಪಿದ್ದರು. ಏಳರಲ್ಲಿ ಕರೆತರಬೇಕೆನ್ನುವಷ್ಟರಲ್ಲಿ ಮುನಿಲಕ್ಷ್ಮಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದರು. ಅವರ ಆರೈಕೆಗೆ ನೀಲ ಅಲ್ಲೇ ಉಳಿಯಬೇಕಾಯಿತು. ಎಂಟಕ್ಕೆ ಬಿತ್ತು. ಹುಡುಗಿಯ ಕಾಲು ಊದಿಕೊಂಡಿದೆ, ನೀರು ಹಿಡಿಯುವಾಗ ತಲೆ ಸುತ್ತಿ ಕೂತುಬಿಟ್ಟಳು ಎಂದು ಬೈರಯ್ಯ ಸುದ್ದಿ ತಂದರು. ಗಂಗಕ್ಕ ಮಸಿಗೈಯನ್ನು ಸರಿಯಾಗಿ ತೊಳೆಯಲೂ ಇಲ್ಲ. ನನ್ನನ್ನು ಕರೆದುಕೊಂಡು ಆಟೋ ಹತ್ತಿದರು.

ಮುನಿಲಕ್ಷ್ಮಮ್ಮ ಮಂಚದ ಮೇಲಿದ್ದರು. ಕೊರಗಿ ಅರ್ಧವಾಗಿದ್ದರು. ಗಂಗಕ್ಕ ನೀಲನಿಗೆ, "ಏಳಮ್ಮ, ಬಟ್ಟೆ ಕಟ್ಕೋ. ಶೈಲಂದೂ ಕಟ್ಕೋ" ಅಂದರು.

"ಎಂಟು ನಡೀತಾ ಇದೆ ಬೀಗ್ರೇ. ಒಂಬತ್ತಕ್ಕೆ ಬಿದ್ದ ಮೇಲೆ ಕರ್ಕೊಂಡು ಹೋಗಿ" ಅಂದರು ಮುನಿಲಕ್ಷ್ಮಮ್ಮ.

"ಎಂಟಾದ್ರೆ ಎಂಟು. ಇವತ್ತೇ ಕರ್ಕೊಂಡು ಹೋಗ್ತೀನಿ."

ಮುನಿಲಕ್ಷ್ಮಮ್ಮ ಗೋಡೆ ಕಡೆ ಮುಖ ತಿರುಗಿಸಿದರು. "ಆವತ್ತೂ ಹಿಂಗೇ ಅಂದಿದ್ರೆ ಆಗ್ತಿತ್ತಲ್ಲ" ಅಂದರು ಮೆಲ್ಲಗೆ. "ಎಂಟಕ್ಕೆ ಬಿದ್ದ ವಾರವೇ ವಿಮಲ ಅಮ್ಮನ ಹತ್ರ ಹೋಗ್ತೀನಿ ಅಂತ ಅತ್ಲು. ನಂಗೆ ನೋಡಕ್ಕಾಗ್ಲಿಲ್ಲ. ಟ್ಯಾಕ್ಸಿ ಮಾಡಿ ತಂದು ಬಿಡ್ತೀವಿ ಅಂತ ಕೇಶವನ್ನ ನಿಮ್ಮನೆಗೆ ಕಳಿಸಿದ್ದೆ. ಎಂಟರಲ್ಲಿ ಹೊಸಿಲು ದಾಟಿಸ್ಬೇಡಿ ಅಂತ ನೀವೇ ಹೇಳಿ ಕಳಿಸಿದ್ರಿ."

ಇನ್ನೇನು ಗಂಗಕ್ಕ ಮತ್ತೆ ಮಣ್ಣು ತೂರುತ್ತಾರೆ ಎಂದುಕೊಂಡೆ. ಸುಳ್ಳು ಹೇಳ್ತೀಯೇನೇ ಎಂದು ಕಿರುಚುತ್ತಾರೆ ಎಂದು ಕಾದೆ. ಅವರು ನಿಂತಲ್ಲೇ ನಿಂತಿದ್ದರು. ಸೆರಗು ಕೂಡ ಹಿಡಿದಿರಲಿಲ್ಲ.

"ಹೌದು" ಅಂದರು. "ನಾನೇ ಅಂದಿದ್ದು."

"ನಾನು ಯಾರ ಹತ್ರಾನೂ ಹೇಳ್ಲಿಲ್ಲ ಬೀಗ್ರೇ. ಕೇಶವನಿಗೂ ಬಾಯಿ ಬಿಡಬೇಡ ಅಂದೆ. ಮೊದಲು ಅಮಾವಾಸ್ಯೆ ಅಂತ ತಡೆದವಳು ನಾನೇ ತಾನೇ."

ಗಂಗಕ್ಕ ಹೋಗಿ ಮಂಚದ ಅಂಚಿನಲ್ಲಿ ಕೂತರು. ಮುನಿಲಕ್ಷ್ಮಮ್ಮನ ಸರಿದುಹೋಗಿದ್ದ ಹೊದಿಕೆಯನ್ನು ಕಾಲಿನವರೆಗೆ ಎಳೆದು ಸರಿಮಾಡಿದರು. ಅತ್ತೆಯನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ, ನೀಲ ಗಂಟು ಕಟ್ಟಿದಳು.

ನೀಲನ ಹೆರಿಗೆ ಒಂಬತ್ತು ತುಂಬಿ ಸುಸೂತ್ರವಾಗಿ ಆಯಿತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಓದುವವರು ಸುಮ್ಮನೆ ಗಾಬರಿಯಾಗುವುದು ಬೇಡ. ನಾನು ಹೇಳಬೇಕಾದ್ದು ಅವತ್ತಿನ ಮಧ್ಯಾಹ್ನದ್ದು. ಆಟೋದಲ್ಲಿ ಗಂಗಕ್ಕ ಶೈಲನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಮನೆಗೆ ಬಂದು ನೀಲನಿಗೆ ಕಾಲು ಚಾಚಲು ದಿಂಬು ಕೊಟ್ಟರು, ಮಗುವಿಗೆ ಅನ್ನ ಕಲಸಿ ತಿನ್ನಿಸಿದರು. ಆಮೇಲೆ ಹೊರಗೆ ಬಂದು ನಲ್ಲಿಕಟ್ಟೆಯ ಮೇಲೆ ಕೂತರು. ನಾನು ಹತ್ತಿರ ಹೋದೆ. ನನ್ನ ಕೈ ಹಿಡಿದುಕೊಂಡು, ಈಗ ತಾನೇ ಯಾರೋ ಬಂದು ಹೇಳಿದ ಸುದ್ದಿಯನ್ನು ಹೇಳುವಂತೆ ಹೇಳಿದರು:

"ಕಲ್ಯಾಣಿ, ನನ್ನ ವಿಮಲ ಸತ್ತೋದ್ಲು ಕಣೇ."

ಬಾಯಿ ತೆರೆದು ಅಳಲು ಶುರುಮಾಡಿದರು. ಉಸಿರು ಬಿಡಿ ಗಂಗಕ್ಕ ಎನ್ನಲು ಹೋಗಿ ಸುಮ್ಮನಾದೆ. ಆ ದನಿಗೆ ಒಬ್ಬೊಬ್ಬರೇ ಬಾಗಿಲು ತೆಗೆದರು. ಏನಾಯಿತೆಂದು ಯಾರೂ ಕೇಳಲಿಲ್ಲ. ಬಸುರಿ ಹೆಂಗಸು ಇಲ್ಲಿರಬಾರದು, ಒಳಗೆ ಹೋಗು ಎಂದರೂ ನೀಲ ಹೋಗಲಿಲ್ಲ, ಪಕ್ಕದಲ್ಲೇ ಕೂತಳು. ನಾಲ್ಕು ವರ್ಷದ ಹಿಂದೆ ಆದ ಸಾವಿಗೆ ವಠಾರದವರೆಲ್ಲ ಅವತ್ತು ಬಂದು ಕೂತೆವು. ಯಾರ ಮನೆಯಲ್ಲೂ ಸಂಜೆಯವರೆಗೆ ಒಲೆ ಹಚ್ಚಲಿಲ್ಲ.