ತವರಿನ ಜಿಲ್ಲೆಯ ಸೀಟು

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ದುರುಗಪ್ಪನ ಮಗಳು ಕನಕಮ್ಮ ತಾಲ್ಲೂಕಿನ ಊರಿಗೆ ಬಸ್ಸಿನಲ್ಲಿ ಹೋಗಿಬಂದು ಬಿ.ಎ. ಮುಗಿಸಿದಳು. ಪೇಪರು ಕೈಗೆ ಸಿಕ್ಕರೆ ಗೆಳತಿಯರು ಸಿನಿಮಾ ಪುಟಕ್ಕೆ ಜಗಳಾಡಿದರೆ, ಇವಳು ವಿದೇಶದ ಸುದ್ದಿ ಹುಡುಕುತ್ತಿದ್ದಳು. ಯಾವ ದೇಶ ಯಾವ ದೇಶದ ಮೇಲೆ ಹಲ್ಲು ಕಡಿಯುತ್ತಿದೆ, ಯಾರು ಯಾರ ಕೈ ಕುಲುಕಿ ಬೆನ್ನ ಹಿಂದೆ ಏನು ಮಾಡಿದರು, ಎಲ್ಲ ಬೇಕು ಅವಳಿಗೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡಬೇಕು, ಅದರಲ್ಲೂ ಅಂತರರಾಷ್ಟ್ರೀಯ ಸಂಬಂಧಗಳನ್ನೇ ವಿಶೇಷವಾಗಿ ಓದಬೇಕು ಅಂತ ಹಟ ಹಿಡಿದು ಕೂತಳು. ಹಟ ದೊಡ್ಡದು, ಮಾರ್ಕ್ಸು ಮಾತ್ರ ನೂರಕ್ಕೆ ಐವತ್ತನ್ನೂ ಮುಟ್ಟಿರಲಿಲ್ಲ.

ಅದು ಕಾರ್ಗಿಲ್ ಯುದ್ಧದ ವರ್ಷ. ಕನಕಮ್ಮ ತನ್ನ ಪಾಲಿನ ಯುದ್ಧಕ್ಕೆ ಹೊರಟಳು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲ ಕಡೆ ಸುತ್ತಿ ಕೇಳಿದಳು. ಬಿ.ಎ. ಐತಿ, ಎಂ.ಎ. ಇಲ್ಲ ಅಂದರು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅವಳ ಮಾರ್ಕ್ಸು ನೋಡಿ ನಕ್ಕರು. ಬೆಂಗಳೂರಿನ ಕಾಲೇಜಿನವರು ಫೀಸು ಹೇಳಿದಾಗ ನಗುವ ಸರದಿ ಇವಳದಾಯಿತು. ಕೊಟ್ಟೂರಿನಲ್ಲಿ ಒಬ್ಬ ಮೇಷ್ಟ್ರು, ತಲೆ ಎತ್ತದೆಯೇ, "ಬಿ.ಎಡ್. ಮಾಡವ್ವ, ಕನ್ನಡ ಸಾಲಿ ಟೀಚರ್ ಆಗು. ಅಮೆರಿಕಾ ರಷ್ಯಾ ಕಟ್ಟಿಕೊಂಡು ನಿನಗೇನು?" ಅಂದ. ಆ ಮನುಷ್ಯನಿಗೆ ಓದಿಸುವುದು ಅಂದರೆ ಹಾಜರಿ ಕೂಗುವುದು, ಅಷ್ಟೆ. ಕನಕಮ್ಮ ಅವನನ್ನು ಅವನ ಹಾಜರಿಗೆ ಬಿಟ್ಟು ಕೂಡ್ಲಿಗಿ ಬಸ್ಸು ಹತ್ತಿದಳು.

ಕಡೆಗೆ ಸಿಕ್ಕಿತು ಒಂದು. ಬಳ್ಳಾರಿ ಕಡೆಯ ಒಂದು ಸ್ನಾತಕೋತ್ತರ ಕೇಂದ್ರ. ಫೀಸು ಕಡಿಮೆ, ಹಾಸ್ಟೆಲ್ ಉಂಟು, ಕನಕಮ್ಮನಷ್ಟು ಮಾರ್ಕ್ಸಿದ್ದವರಿಗೂ ಸೀಟು ಸಿಗುತ್ತದೆ, ಅವಳಿಗೆ ಬೇಕಾದ ವಿಷಯವೂ ಇದೆ. ವರ್ಷಾ ವರ್ಷಾ ಅಲ್ಲಿ ಸೀಟು ಖಾಲಿ ಉಳಿಯುತ್ತಿದ್ದವಂತೆ. ಕಿಟಕಿಯ ಹಿಂದೆ ಕೂತ ಗುಮಾಸ್ತ ಎಲೆ ಅಡಿಕೆ ಜಗಿಯುತ್ತ "ಯಾವ ತಾಲ್ಲೂಕು?" ಅಂತ ಕೇಳಿದ.

"ಹರಪನಹಳ್ಳಿರಿ."

"ನಿಮ್ಮನ್ನ ದಾವಣಗೆರಿ ಜಿಲ್ಲಾಕ್ಕ ಹಾಕಿ ಎರಡು ವರ್ಷ ಆತಲ್ಲ. ನೀವು ನಮಗ ಹೊರಗಿನವರು. ಹೊರಗಿನವರಿಗೆ ಫೀಸು ಬ್ಯಾರೆ."

ಆ ಬೇರೆ ಫೀಸು ಕೇಳಿದರೆ ದುರುಗಪ್ಪ ಎದೆ ಹಿಡಿದುಕೊಂಡು ಕೂರಬೇಕು. "ನಾನು ಹುಟ್ಟಿದಾಗ ಬಳ್ಳಾರಿ ಜಿಲ್ಲಾರಿ ಅದು" ಅಂದಳು ಕನಕಮ್ಮ. "ನಾನೇನು ಎದ್ದು ಹೋಗಿಲ್ಲ, ಊರು ಇದ್ದಲ್ಲೇ ಐತಿ."

"ಹುಟ್ಟಿದ್ದು ಎಲ್ಲಿ?" ಅಂದ ಗುಮಾಸ್ತ.

ಅವಳು ಹುಟ್ಟಿದ್ದು ಕಾನಹೊಸಹಳ್ಳಿಯಲ್ಲಿ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ತಾಯಿ ಶಿವಮ್ಮನ ತವರು ಅದು. ಕೂಡ್ಲಿಗಿ ತಾಲ್ಲೂಕು, ಅಪ್ಪಟ ಬಳ್ಳಾರಿ ಜಿಲ್ಲೆ. ಗುಮಾಸ್ತ ಉಗುಳಿ ಬಂದು ದಾರಿ ಹೇಳಿದ. ಅವಳು ಹುಟ್ಟಿದ ಮನೆಯ ಯಜಮಾನ ಶಾನುಭೋಗರ ಮುಂದೆ ನಿಂತು "ಈಕಿ ನಮ್ಮ ಮನಿ ಹುಡುಗಿ, ನಮ್ಮಲ್ಲೇ ಇರ್ತಾಳ" ಅಂದುಬಿಟ್ಟರೆ ಸಾಕು, ಅವರು ಬರೆದುಕೊಡುತ್ತಾರೆ, ಸೀಟು ಸಿಗುತ್ತದೆ. ಕನಕಮ್ಮನಿಗೆ ಈ ದಾರಿಯೇ ಎಲ್ಲಕ್ಕಿಂತ ಕಷ್ಟದ್ದು. ಯಾಕೆಂದರೆ ಆ ಮನೆಯ ಯಜಮಾನ ಅವಳ ಸೋದರಮಾವ ಓಬಳೇಶಪ್ಪ.

ಈ ಓಬಳೇಶಪ್ಪನ ವಿಷಯ ಹೇಳಲೇಬೇಕು. ಪಂಚಾಯ್ತಿ ಮೆಂಬರು, ಬಿಳಿ ಅಂಗಿ, ಎದುರಿಗೆ ಸಿಕ್ಕವರೆಲ್ಲ ತನಗೆ ಏನೋ ಬಾಕಿ ಉಳಿಸಿಕೊಂಡವರು ಎನ್ನುವಂಥ ನೋಟ. ಅಕ್ಕನ ಮಗಳು ತನ್ನ ಮಗ ಗಾದಿಲಿಂಗನಿಗೇ ಅಂತ ಅವಳು ತೊಟ್ಟಿಲಲ್ಲಿದ್ದಾಗಲೇ ಸಾರಿದ್ದ. ಗಾದಿಲಿಂಗ ಎಸ್ಸೆಸ್ಸೆಲ್ಸಿ ದಾಟಲಿಲ್ಲ, ಹೈವೇ ಢಾಬಾದ ಬೆಂಚು ಬಿಟ್ಟು ಏಳಲಿಲ್ಲ. ಕನಕಮ್ಮ ಪಿಯುಸಿ ಓದುವಾಗ ಶಿವಮ್ಮ "ಈಗ ಬ್ಯಾಡ, ಹುಡುಗಿ ಓದಲಿ" ಅಂದದ್ದೇ ತಡ, ಓಬಳೇಶಪ್ಪ ಅಕ್ಕನಿಗೆ ತವರಿನ ಬಾಗಿಲು ಹಾಕಿದ. ಆವತ್ತಿನಿಂದ ನಾಗರ ಪಂಚಮಿಗೆ ತವರಿಗೆ ಕರೆಯಲು ಯಾರೂ ಬರಲಿಲ್ಲ. ಹಬ್ಬದ ದಿನ ಶಿವಮ್ಮ ಉಂಡಿ ಕಟ್ಟುತ್ತ ಬಸ್ಸಿನ ಸದ್ದಿಗೆ ಕಿವಿ ಕೊಡುವಳು. ಮುದಿ ತಾಯಿ ಗಾದೆಮ್ಮನ ಮುಖವನ್ನೂ ಅವಳು ಆಮೇಲೆ ನೋಡಿರಲಿಲ್ಲ.

ಕನಕಮ್ಮ ಯಾರಿಗೂ ಹೇಳದೆ ಕಾನಹೊಸಹಳ್ಳಿಗೆ ಹೋದಳು. ಓಬಳೇಶಪ್ಪ ಕಟ್ಟೆಯ ಮೇಲೆ ಕೂತಿದ್ದ. ಕೂರು ಅನ್ನಲಿಲ್ಲ, ನೀರು ಕೊಡಿಸಲಿಲ್ಲ. ಎಲ್ಲ ಕೇಳಿಸಿಕೊಂಡು ಮೀಸೆಯಲ್ಲೇ ನಕ್ಕ.

"ನಮ್ಮ ಮನಿ ಹುಡುಗಿ ಅಂತ ಹೇಳಬೇಕು, ಹೌದಿಲ್ಲೋ? ಹೇಳ್ತೀನಿ. ನಮ್ಮ ಮನಿ ಹುಡುಗಿ ಆಗು ಮತ್ತ. ಹೂವ ಮುಡಿಸಿಕೋ, ಮರುದಿನ ಶಾನುಭೋಗರ ಹತ್ರ ಬರ್ತೀನಿ."

"ಓದು ಮುಗಿಯೋತನಕ ಮದುವಿ ಬ್ಯಾಡ ಮಾವ."

"ಓದು. ಎರಡು ವರ್ಷ ತಾನೆ? ಓದಿದ ಸೊಸಿ ಅಂತ ನಮಗೂ ಒಂದು ಗತ್ತು."

ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು "ಆತು ಮಾವ" ಅಂದಳು. ಅನ್ನುವಾಗಲೇ ಅವಳಿಗೆ ಗೊತ್ತಿತ್ತು, ಈ ಮದುವೆ ಆಗುವುದಿಲ್ಲ. ಸುಳ್ಳೇ ಹೇಳಿದಳು. ಹೇಳಲಿ ಬಿಡಿ. ಕೊರಳಿಗೆ ಹಗ್ಗ ಹಾಕಿ ವ್ಯಾಪಾರಕ್ಕೆ ಕೂತವನ ಮುಂದೆ ಸತ್ಯ ಹೇಳಬೇಕೆಂದು ಯಾವ ದೇವರೂ ಹೇಳಿಲ್ಲ.

ಆದರೆ ಈ ಸುಳ್ಳನ್ನು ಅವಳು ತಾಯಿಗೂ ಬಿಚ್ಚಲಿಲ್ಲ. ಅವ್ವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಮಾವನ ಕಿವಿಗೆ ಬಿದ್ದರೆ ಸೀಟು ಹೋಯಿತು ಅಂತ ಹೆದರಿದಳು. "ಗಾದಿಲಿಂಗನ್ನ ಮಾಡಿಕೊಂತೀನಿ ಬೇ, ನೀನು ತವರಿಗೆ ಹೋಗಂಗ ಆಗ್ಲಿ" ಅಂದಳು. ಶಿವಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು.

ಮದುವೆ ಗೊತ್ತು ಮಾಡಿ ಹೂ ಮುಡಿಸುವ ಶಾಸ್ತ್ರಕ್ಕೆ ಶಿವಮ್ಮ ಹಸಿರು ಸೀರೆ ಉಟ್ಟು ತವರಿನ ಹೊಸ್ತಿಲು ತುಳಿದಳು. ಆಮೇಲೆ ಅವಳು ನಿಂತಲ್ಲಿ ನಿಲ್ಲಲಿಲ್ಲ. ಒಲೆ ಮುಂದೆ ಅವಳೇ, ಬಡಿಸುವಾಗ ಅವಳೇ, ಓಣಿಯ ಮನೆ ಮನೆಗೂ ಹೋಗಿ ಮಾತಾಡಿಸಿ ಬಂದಳು. ಗಾದೆಮ್ಮ ಮೂಲೆಯಲ್ಲಿ ಕೂತು "ಶಿವಿ, ಬಾರಬೇ, ಒಂದು ಗಳಿಗಿ ನನ್ನ ಹತ್ರ ಕೂಡು" ಅಂತ ಕರೆಯುತ್ತಿದ್ದಳು. "ಇರಬೇ, ಇನ್ನು ಬರದು ಹೋಗದು ಇದ್ದೇ ಐತಿ" ಅನ್ನುತ್ತ ಶಿವಮ್ಮ ಪಾತ್ರೆ ಎತ್ತಿಕೊಂಡು ಓಡಿದಳು. ಕನಕಮ್ಮ ಇದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅವಳ ತಲೆಗೆ ಹೂ ಮುಡಿಸಿದ್ದು ಗಾದೆಮ್ಮನೇ.

ಮರುದಿನ ಓಬಳೇಶಪ್ಪ ಶಾನುಭೋಗರ ಮುಂದೆ ಹೇಳಿದ, ಸೀಟು ಸಿಕ್ಕಿತು. ವಾರ ಕಳೆಯುವಷ್ಟರಲ್ಲಿ ಅವನು ತನ್ನ ಬಣ್ಣ ತೋರಿಸಿದ. ಶ್ರಾವಣದಲ್ಲೇ ಮದುವೆ, ಎಂ.ಎ. ಗಿಂ.ಎ. ಆಮೇಲೆ ನೋಡೋಣ ಅಂತ ಹೇಳಿ ಕಳಿಸಿದ. ಎರಡು ವರ್ಷ ಸುಮ್ಮನಿದ್ದು ಓದಿ ಮುಗಿಸಿ ಹೇಳೋಣ ಅಂದುಕೊಂಡಿದ್ದ ಕನಕಮ್ಮನಿಗೆ ಆ ವ್ಯವಧಾನವೂ ಸಿಗಲಿಲ್ಲ. ಹಾಸ್ಟೆಲಿನಿಂದ ನೇರ ಕಾನಹೊಸಹಳ್ಳಿಗೆ ಹೋಗಿ, ಓಣಿಗೆಲ್ಲ ಕೇಳುವಂತೆ "ಈ ಮದುವಿ ನಾನು ಆಗಂಗಿಲ್ಲ, ಇವತ್ತೂ ಇಲ್ಲ, ಯಾವತ್ತೂ ಇಲ್ಲ" ಅಂದಳು. ಶಾನುಭೋಗರ ಮುಂದೆ ಆಡಿದ ಮಾತು ಸುಳ್ಳು ಅಂದರೆ ಮೆಂಬರನ ಮಾನವೇ ಹೋಗುತ್ತಿತ್ತು, ಸೀಟಿನ ತಂಟೆಗೆ ಹೋಗುವಂತಿರಲಿಲ್ಲ. ಓಬಳೇಶಪ್ಪ ಅವಳನ್ನು ಬೈಯಲಿಲ್ಲ, ಅವಳಿಗೆ ತಾಗುವ ಜಾಗ ಅವನಿಗೆ ಗೊತ್ತಿತ್ತು. "ನಿಮ್ಮವ್ವಗ ಹೇಳು, ನಾವು ಸತ್ತರೂ ಈ ಕಡೆ ಬರಬಾರದು ಅಂತ" ಅಂದ.

ಕನಕಮ್ಮ ಓದಿದಳು. ಸಿಟ್ಟಿನಿಂದ ಓದಿದಳು, ಪಾಸೂ ಆದಳು. ಹಗರಿಬೊಮ್ಮನಹಳ್ಳಿಯ ಒಂದು ಕಾಲೇಜಿನಲ್ಲಿ ಅರೆಕಾಲಿಕ ಉಪನ್ಯಾಸಕಿಯಾಗಿ ಸೇರಿದಳು. ಶಿವಮ್ಮ ಮಗಳ ಜೊತೆ ಮಾತಾಡುತ್ತಿದ್ದಳು, ಉಂಡೆಯಾ, ಬಂದೆಯಾ, ಅಷ್ಟು. ತವರಿನ ಮಾತೆತ್ತುತ್ತಿರಲಿಲ್ಲ.

ಗಾದೆಮ್ಮ ಸತ್ತಾಗ ಕಾನಹೊಸಹಳ್ಳಿಯಿಂದ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಸಂತೆಯಲ್ಲಿ ಬಳೆ ಮಾರುವ ಅಂಜಿನಕ್ಕ ಸಿಕ್ಕು "ನಿಮ್ಮವ್ವನ ಮಣ್ಣಿಗೂ ಬರ್ಲಿಲ್ಲಲ್ಲವ್ವ ನೀನು" ಅಂದಾಗಲೇ ಶಿವಮ್ಮನಿಗೆ ಗೊತ್ತಾದದ್ದು. ಆಗಲೇ ಗೋರಿಗೆ ಎರೆಯುವ ಹಾಲು ತುಪ್ಪವೂ ಮುಗಿದುಹೋಗಿತ್ತು. ಸುದ್ದಿ ಕೇಳಿ ಕನಕಮ್ಮ ಊರಿಗೆ ಓಡಿಬಂದಳು. ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಯವ್ವಾ, ನಂದ ತಪ್ಪು. ನಿನಗ ಸುಳ್ಳು ಹೇಳಿದೆ. ಬೈಯಿ ನನ್ನ."

ಶಿವಮ್ಮ ಮೊರ ಕೆಳಗಿಟ್ಟಳು. "ನೀ ಅವನಿಗೆ ಸುಳ್ಳು ಹೇಳಿದ್ದು ತಪ್ಪಲ್ಲ ಬಿಡು. ನನಗೊಂದು ಮಾತು ಹೇಳಿದ್ರ ನಾನೂ ನಿನ್ನ ಕೂಡ ಸುಳ್ಳು ಹೇಳ್ತಿದ್ದೆ. ತವರು ಹೋಗ್ತೈತಿ ಅಂತ ಗೊತ್ತಿದ್ದೇ ಬಿಡ್ತಿದ್ದೆ. ಆದ್ರ ಹೂವ ಮುಡಿಸಿದ ದಿನ ನಮ್ಮವ್ವ ಕರದಾಗ, ಪಾತ್ರಿ ಕೆಳಗಿಟ್ಟು, ಆಕಿ ಹತ್ರ ಹೋಗಿ ಕೂಡ್ತಿದ್ದೆ."