ಗುಡ್ಡಕ್ಕೆ ಜೊತೆ ಹೋಗುವ ಗುಂಡಮ್ಮ

ನನ್ನ ನಾದಿನಿ ಗುಂಡಮ್ಮನ ಹೆಸರು ಕೇಳಿದರೆ ಈಗಲೂ ನನ್ನ ಹೊಟ್ಟೆಯಲ್ಲಿ ಖಾರ ಅರೆದಂತಾಗುತ್ತದೆ. ಅದನ್ನು ಮುಚ್ಚಿಟ್ಟು ಬರೆಯುವುದರಲ್ಲಿ ಅರ್ಥವಿಲ್ಲ. ಅವಳನ್ನು ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಕಮಲಾಪುರದಲ್ಲಿ ಬಸ್ಸಿಳಿದು ಯಾರನ್ನು ಕೇಳಿದರೂ ಹೊಗಳುತ್ತಾರೆ. ನಾನು ಅವಳ ಅಣ್ಣನ ಹೆಂಡತಿ. ಅವಳು ಎಂಥವಳು ಎಂಬುದು ಊರಿನವರಿಗಿಂತ ನನಗೇ ಹೆಚ್ಚು ಗೊತ್ತು ಎಂದು ಇಪ್ಪತ್ತಾರು ವರ್ಷ ನಂಬಿಕೊಂಡಿದ್ದೆ.

ಕಮಲಾಪುರದಲ್ಲಿ ಅವಳದೊಂದು ಹಿಟ್ಟಿನ ಗಿರಣಿ ಇದೆ. ಜೋಳ, ಗೋಧಿ ಬೀಸುತ್ತಾಳೆ, ಬೇಸಿಗೆಯಲ್ಲಿ ಮೆಣಸಿನಕಾಯಿ ಕುಟ್ಟಿಕೊಡುತ್ತಾಳೆ. ಮದುವೆಯಾಗಿ ಹುಮನಾಬಾದ ಕಡೆ ಹೋದವಳು ಎರಡನೇ ವರ್ಷಕ್ಕೇ ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಯಾಕೆ ಬಂದೆ ಎಂದು ಅತ್ತೆ ಮಾವ ಕೇಳಿ ಕೇಳಿ ಸಾಕಾದರು, ಬಾಯಿ ಬಿಡಲಿಲ್ಲ. ನಾನಂತೂ ಕೇಳಲೇ ಇಲ್ಲ. ಇನ್ನು ಇವಳು ಇಲ್ಲೇ ಠಿಕಾಣಿ ಹೂಡುತ್ತಾಳಲ್ಲ ಎಂಬ ಸಿಟ್ಟೇ ನನಗೆ ಸಾಕಷ್ಟಿತ್ತು. ಪುಣ್ಯಕ್ಕೆ ವರ್ಷದೊಳಗೆ ನನ್ನ ಗಂಡ ಖಂಡೆಪ್ಪನವರಿಗೆ ಕಲಬುರಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿತು. ನಾವು ಶಹರಕ್ಕೆ ಬಂದೆವು, ಆಮೇಲೆ ಶರಣಸಿರಸಗಿ ಕಡೆಯ ಲೇಔಟಿನಲ್ಲಿ ಮನೆ ಕಟ್ಟಿಕೊಂಡೆವು.

ಗುಂಡಮ್ಮನಿಗೆ ಹೆಸರು ಬಂದದ್ದು ಗಿರಣಿಯಿಂದಲ್ಲ, ಗುಡ್ಡಗಳಿಂದ. ಈಗಿನ ಮದುವೆಗಳಲ್ಲಿ ಅಕ್ಕಿಕಾಳು ಬೀಳುವ ಮುಂಚೆಯೇ ಫೋಟೊ ಆಗಬೇಕು. ಹುಡುಗ ಹುಡುಗಿ ಯಾವುದಾದರೂ ಗುಡ್ಡ ಹತ್ತಿ, ಮಂಜಿನಲ್ಲಿ ನಿಂತು, ಉದ್ದನೆಯ ಗೌನು ಹಾರಿಸಬೇಕು. ಮದುವೆಯ ದಿನ ಅದು ಮಂಟಪದ ಪಕ್ಕದ ದೊಡ್ಡ ಪರದೆಯ ಮೇಲೆ ಬರಬೇಕು. ಕೆಲವರು ಕಮಲಾಪುರದ ಘಾಟಿನಲ್ಲೇ ಮುಗಿಸುತ್ತಾರೆ, ದುಡ್ಡಿದ್ದವರು ಮಹಾಬಳೇಶ್ವರಕ್ಕೋ ಊಟಿಗೋ ಹೋಗುತ್ತಾರೆ. ಆದರೆ ನಮ್ಮ ಕಡೆ ಇನ್ನೂ ಹುಡುಗ ಹುಡುಗಿಯನ್ನು ಹಾಗೇ ಬಿಟ್ಟು ಕಳಿಸುವುದಿಲ್ಲ. ಹೆಣ್ಣಿನ ಕಡೆಯಿಂದ ಒಬ್ಬ ಹಿರಿಯ ಹೆಂಗಸು ಜೊತೆಗೆ ಹೋಗಲೇಬೇಕು. ಏಳು ವರ್ಷದ ಹಿಂದೆ ನಮ್ಮ ಮಾವನ ತಮ್ಮನ ಮೊಮ್ಮಗಳಿಗೆ ಯಾರೂ ಸಿಗಲಿಲ್ಲ. ಒಬ್ಬಳಿಗೆ ಮಕ್ಕಳ ಪರೀಕ್ಷೆ, ಒಬ್ಬಳಿಗೆ ಮೊಣಕಾಲು ನೋವು. ಗಂಡನಿಲ್ಲ, ಮಕ್ಕಳಿಲ್ಲ ಎಂದು ಗುಂಡಮ್ಮನನ್ನು ಕಳಿಸಿದರು.

ಅಲ್ಲಿಂದ ಇವಳದ್ದೇ ದರ್ಬಾರು. ಹದಿನಾಲ್ಕು ಸಲ ಹೋಗಿದ್ದಾಳೆ, ಮಹಾಬಳೇಶ್ವರಕ್ಕೇ ಆರು ಸಲ. ಗಿರಣಿಗೆ ಕೀಲಿ ಬಿದ್ದರೆ ಸಾಕು, ಮಗ್ಗಲ ಮನೆಯ ಜಾಹೇದಾ, "ಗುಂಡಮ್ಮಕ್ಕ ಗುಡ್ಡಕ್ಕ ಹೋಗ್ಯಾಳ, ನಾಳಿಗಿ ಬರ್ರಿ" ಎಂದು ಹಿಟ್ಟಿಗೆ ಬಂದವರನ್ನು ವಾಪಸು ಕಳಿಸುತ್ತಾಳೆ. ಹೋದ ವರ್ಷದವರೆಗೂ ನಾನು ಮದುವೆಯಾದ ಮೇಲೆ ನೋಡಿದ ಎತ್ತರದ ಜಾಗ ಎಂದರೆ ಅದೇ ಕಮಲಾಪುರದ ಘಾಟು, ಅದೂ ಬಸ್ಸಿನ ಕಿಟಕಿಯಿಂದ. ಗಂಡನ ಜೊತೆ ಬಾಳಲಾಗದೆ ಬಂದವಳು ಊಟಿ ಕೊಡೈಕೆನಾಲ್ ಸುತ್ತುತ್ತಾಳೆ, ಇಪ್ಪತ್ತಾರು ವರ್ಷ ಗಂಡನಿಗೆ ರೊಟ್ಟಿ ಬಡಿದವಳು ಇಲ್ಲೇ ಕೂತಿದ್ದೇನೆ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಹೋದಲ್ಲಿ ಅವಳೇನು ಮಾಡುತ್ತಾಳೆ ಎಂದು ಹುಡುಗಿಯರ ಬಾಯಿಂದಲೇ ಕೇಳಿದ್ದೇನೆ. ಅವಳ ಚೀಲದಲ್ಲಿ ಪಿನ್ನು, ನಿಂಬೆಹಣ್ಣು, ಸ್ವೆಟರು, ಅಂಗಾಲಿಗೆ ಹಚ್ಚುವ ಎಣ್ಣೆ ಎಲ್ಲ ಇರುತ್ತದೆಯಂತೆ. ಗುಡ್ಡದ ಮೇಲೆ ಬಟ್ಟೆ ಬದಲಿಸಲು ಕೋಣೆ ಎಲ್ಲಿಂದ ಬರಬೇಕು? ಇವಳು ಚಾದರ ಬಿಚ್ಚಿ, ಎರಡು ಕೈ ಅಗಲಿಸಿ, ಗೋಡೆಯ ಹಾಗೆ ನಿಲ್ಲುತ್ತಾಳಂತೆ. ಹುಡುಗ ಹುಡುಗಿ ಹಣೆಗೆ ಹಣೆ ಹಚ್ಚಿ ನಿಂತಾಗ ಹೇಳಿಸಿಕೊಳ್ಳದೆ ಬೆನ್ನು ತಿರುಗಿಸಿ ಕಣಿವೆ ನೋಡುತ್ತಾ ಕೂಡುತ್ತಾಳಂತೆ. ಹುಡುಗಿಯರಿಗೆ ಇಂಥ ಹಿರಿಯಳೇ ಬೇಕು, ಇದರಲ್ಲಿ ಆಶ್ಚರ್ಯವೇನಿದೆ?

ವಾಪಸು ಬಂದ ಮೇಲೆ ಮನೆಯ ಹಿರಿಯರೆಲ್ಲ ಸುತ್ತ ಕೂತು ಕೇಳುತ್ತಾರೆ. ಗುಂಡಮ್ಮ ಚಹಾ ಬಸಿಯಲ್ಲಿ ಸುರಿದುಕೊಂಡು, "ಹುಡುಗ ಛಲೋ ಇದ್ದಾನ" ಎನ್ನುತ್ತಾಳೆ. ಅಷ್ಟೇ. ಕುಡಿದು ಗಿರಣಿಗೆ ಹೋಗಿಬಿಡುತ್ತಾಳೆ. ಒಂದೇ ಒಂದು ಸಲ ಮಾತ್ರ, "ಇನ್ನೊಮ್ಮಿ ವಿಚಾರ ಮಾಡ್ರಿ" ಅಂದಿದ್ದಳು. ಆ ಸಂಬಂಧ ಮುರಿದೇ ಹೋಯಿತು. ತನ್ನ ಸಂಸಾರ ನೆಟ್ಟಗಾಗಲಿಲ್ಲ ಎಂದು ಬೇರೆಯವರದ್ದು ನೋಡಲಾರದೆ ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದ್ದಾಳೆ ಎಂದು ನಾನು ನಾಲ್ಕು ಮನೆಗೆ ಹೇಳಿಕೊಂಡು ಬಂದೆ. ಹೊಟ್ಟೆಕಿಚ್ಚಿನ ಬಗ್ಗೆ ಮಾತಾಡುವ ಅಧಿಕಾರ ನನಗೆ ಇದ್ದೇ ಇತ್ತಲ್ಲ.

ಇಷ್ಟೂ ಸಹಿಸಬಹುದಿತ್ತು. ಸಹಿಸಲಾಗದ್ದು ನನ್ನ ಮಗಳು ರಾಧಿಕಾಳ ವಿಷಯ. ಅವಳಿಗೆ ಮೂರು ವರ್ಷವಿದ್ದಾಗ ತಮ್ಮ ಹುಟ್ಟಿದ, ದಿನ ತುಂಬುವ ಮುಂಚೆಯೇ. ಆ ಕೂಸನ್ನು ಉಳಿಸಿಕೊಳ್ಳಲು ನಾನು ಆಸ್ಪತ್ರೆಗೂ ಮನೆಗೂ ಅಲೆಯುವಾಗ ರಾಧಿಕಾಳನ್ನು ಒಂದೂವರೆ ವರ್ಷ ಕಮಲಾಪುರದಲ್ಲಿ ಅವಳ ಅತ್ತೆ ಗುಂಡಮ್ಮನ ಹತ್ತಿರ ಬಿಟ್ಟಿದ್ದೆ. ತಿರುಗಿ ಬಂದ ದಿನವೇ ನಾನು ಹಿಟ್ಟು ನಾದುವ ಪರಾತದ ಮುಂದೆ ಕೂತು, "ಅತ್ತಿ ರೊಟ್ಟಿ ತೆಳ್ಳಗ ಇರ್ತಾವ" ಅಂದಳು. ಆವತ್ತು ಹತ್ತಿದ ಬೆಂಕಿ ಆರಲಿಲ್ಲ. ದೊಡ್ಡವಳಾದ ಸುದ್ದಿಯನ್ನು ಅತ್ತೆಗೆ ಹೇಳಿದಳು. ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಕೆಲಸ ಸಿಕ್ಕಾಗ ಮೊದಲ ಫೋನು ಅತ್ತೆಗೆ ಹೋಯಿತು. ಎಲ್ಲ ಸುದ್ದಿಯೂ ನನಗೆ ಎರಡನೆಯದಾಗಿ ಬರುತ್ತಿತ್ತು. ಹೆತ್ತವಳು ನಾನು, ಒಂದು ಸಲವಾದರೂ ಮೊದಲು ನನ್ನ ಕಡೆ ಬರಲಿ ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಬಾಯಿಬಿಟ್ಟು ಕೇಳಲು ನಾಚಿಕೆಯಾಗುತ್ತಿತ್ತು.

ಹೋದ ವರ್ಷ ರಾಧಿಕಾಳಿಗೆ ರೇವಣ ಎಂಬ ಹುಡುಗನ ಜೊತೆ ನಿಶ್ಚಯವಾಯಿತು. ಕಪನೂರದಲ್ಲಿ ಅವರದೊಂದು ಬೇಳೆ ಮಿಲ್ಲು. ಹುಡುಗ ಎತ್ತರ, ಮಾತು ಮೆತ್ತಗೆ, ನಮ್ಮನ್ನು ಕಂಡರೆ ಕಾಲು ಮುಟ್ಟುತ್ತಿದ್ದ. ದಸರಾ ಮುಗಿದ ವಾರ ಮಹಾಬಳೇಶ್ವರದಲ್ಲಿ ಫೋಟೊ ಎಂದು ಅವನೇ ಗೊತ್ತು ಮಾಡಿದ.

"ಅತ್ತಿಗಿ ಫೋನ್ ಮಾಡೇನಿ. ಬರ್ತಾಳಂತ" ಎಂದಳು ರಾಧಿಕಾ.

"ಯಾಕ, ನಾ ಸತ್ತೀನೇನು?"

"ಅವ್ವಾ, ನಿನಗ ಗಾಡ್ಯಾಗ ವಾಂತಿ ಬರ್ತದ."

"ಬಂದ್ರ ಬರ್ಲಿ. ಮಗಳಿಗಿ ಕೊಟ್ಟು ಕಳಸೂದ್ರಾಗ ಒಂದ ಸಲ ಆಕಿ ಜೋಡಿ ಎಲ್ಲ್ಯಾರ ಹೋಗಬಾರದೇನು ನಾ?"

ಎರಡು ದಿನ ಮುಖ ಊದಿಸಿಕೊಂಡು ಅಡುಗೆ ಮಾಡಿದೆ. ಕೊನೆಗೆ ನಮ್ಮ ಮನೆಯವರು, ಗುಂಡಮ್ಮನೂ ನೀನೂ ಇಬ್ಬರೂ ಹೋಗಿ ಬನ್ನಿ ಎಂದು ಕೈ ಮುಗಿದರು.

ಘಾಟು ಏರುವಾಗ ವಾಂತಿ ಬಂದೇ ಬಂತು. ತಲೆ ಹಿಡಿದವಳು ಗುಂಡಮ್ಮ, ನಿಂಬೆಹಣ್ಣು ಮೂಗಿಗೆ ಹಿಡಿದವಳೂ ಅವಳೇ. ನನ್ನ ಮಗಳು, ಅಳಿಯನಾಗುವವನು, ಫೋಟೊ ತೆಗೆಯುವ ಗುಫ್ರಾನ್, ಎಲ್ಲರೂ ನೋಡುತ್ತಿದ್ದಾರೆ. ಅವಳ ಉಪಕಾರ ಪಡೆಯುವುದಕ್ಕಿಂತ ಅಲ್ಲೇ ಇಳಿದು ನಡೆದುಕೊಂಡು ಹೋಗಿದ್ದರೆ ಚೆನ್ನಾಗಿತ್ತು ಅನಿಸಿತು. ಗುಫ್ರಾನ್ ಕಲಬುರಗಿಯ ಹುಡುಗ, ಗುಂಡಮ್ಮನ ಜೊತೆ ಮೂರು ಸಲ ಬಂದವನು. ಅವಳಿಗೆ "ಅಕ್ಕಾ" ಅನ್ನುತ್ತಾನೆ, ನನಗೆ "ಆಂಟಿ" ಅನ್ನುತ್ತಾನೆ. ಅವಳು ನನಗಿಂತ ಮೂರೇ ವರ್ಷ ಚಿಕ್ಕವಳು.

ಮರುದಿನ ಬೆಳಿಗ್ಗೆ ಗುಡ್ಡದ ಅಂಚಿನಲ್ಲಿ ಶೂಟಿಂಗು ಶುರುವಾಯಿತು. ಕೆಳಗೆ ಕಣಿವೆ, ಕಣಿವೆಯ ತುಂಬ ಮಂಜು, ಅದರಾಚೆ ಗುಡ್ಡದ ಹಿಂದೆ ಗುಡ್ಡ. ಅಷ್ಟು ಚೆಂದದ ಜಾಗವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನೋಡಿದ್ದೂ ಅಷ್ಟಕ್ಕಷ್ಟೇ, ನನ್ನ ಕಣ್ಣೆಲ್ಲ ಗುಂಡಮ್ಮನ ಮೇಲಿತ್ತು. ರಾಧಿಕಾ ಬಳೆ ತೆಗೆದು ಯಾರ ಕೈಗೆ ಕೊಟ್ಟಳು? ಗುಂಡಮ್ಮನ ಕೈಗೆ. ನೀರು ಯಾರನ್ನು ಕೇಳಿದಳು? ಗುಂಡಮ್ಮನನ್ನು. ಚಾದರದ ಒಂದು ತುದಿ ನಾನು ಹಿಡಿದರೆ, "ಅವ್ವಾ, ನೀ ಕೈ ಕೆಳಗ ಬಿಡಾಕತ್ತಿ" ಎಂದು ಬೈಸಿಕೊಂಡೆ. ಎಲ್ಲವನ್ನೂ ಒಂದೊಂದಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಗುಫ್ರಾನ್ ಏನೋ ತಮಾಷೆ ಮಾಡಿ ಹುಡುಗಿಯನ್ನು ನಗಿಸುತ್ತಿದ್ದ, ಅದು ಅವನ ಕೆಲಸ. ರಾಧಿಕಾ ಜೋರಾಗಿ ನಕ್ಕಳು. ರೇವಣ ಅವಳ ಕೈ ಹಿಡಿದುಕೊಂಡು ಕಿವಿಯಲ್ಲಿ ಏನೋ ಅಂದ, ಅವನೂ ನಗುತ್ತಲೇ ಇದ್ದ. ಹುಡುಗನಿಗೆ ಎಷ್ಟು ಅಕ್ಕರೆ ಎಂದು ಒಂದು ಗಳಿಗೆ ನನಗೆ ಸಂತೋಷವಾಯಿತು. ಗುಂಡಮ್ಮ ಬೆನ್ನು ಮಾಡಿ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಳು. ಆರನೇ ಸಲ ಬಂದವಳ ಠೀವಿ ನೋಡು, ತನ್ನದೇ ಗುಡ್ಡದ ಹಾಗೆ ಕೂತಿದ್ದಾಳೆ ಅಂದುಕೊಂಡೆ.

ಅಷ್ಟರಲ್ಲಿ ರಾಧಿಕಾ ಗೌನು ಎತ್ತಿ ಹಿಡಿದು ನನ್ನ ಹತ್ತಿರ ಬಂದು ನಿಂತಳು.

"ಅವ್ವಾ, ಇಲ್ಲಿ ನೋಡ ಸ್ವಲ್ಪ."

ನಾನು ಗುಂಡಮ್ಮನ ಕಡೆ ನೋಡುತ್ತಲೇ ಹೇಳಿದೆ. "ನನಗ್ಯಾಕ ತೋರಸ್ತಿ? ನಿನ್ನ ಅತ್ತಿಗಿ ತೋರ್ಸು. ಎಲ್ಲಾ ಆಕಿಗೇ ತೋರಸ್ತಿಯಲ್ಲ."

ಅವಳು ಗೌನು ಎತ್ತಿ ಹಿಡಿದೇ ಗುಂಡಮ್ಮನ ಹತ್ತಿರ ಹೋದಳು. ಗುಂಡಮ್ಮ ಚಹಾ ಕೆಳಗಿಟ್ಟು ಅವಳ ಕೈ ಹಿಡಿದು ನೋಡಿ, ಗೌನಿನ ಉದ್ದ ತೋಳನ್ನು ಮೆಲ್ಲಗೆ ಕೆಳಗೆ ಎಳೆದದ್ದು ಕಂಡಿತು. ಅತ್ತೆ ಸೊಸೆಯ ಮುದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಇಡೀ ದಿನ ಗುಂಡಮ್ಮ ಬೆನ್ನು ತಿರುಗಿಸಲೇ ಇಲ್ಲ. ಹುಡುಗ ಹುಡುಗಿಯ ಎದುರಿಗೇ, ನಾಲ್ಕು ಮಾರು ದೂರದಲ್ಲಿ, ಕಣ್ಣು ಕೀಲಿಸಿಕೊಂಡು ಕೂತಳು. ರೇವಣನ ಮುಖ ಸಣ್ಣಗಾಯಿತು. ಬೇರೆ ಹುಡುಗಿಯರಿಗೆ ಬೆನ್ನು ತಿರುಗಿಸುತ್ತಾಳೆ, ನನ್ನ ಮಗಳ ಸಲಿಗೆ ಮಾತ್ರ ಇವಳಿಗೆ ಸಹಿಸಲಾಗುತ್ತಿಲ್ಲ ಎಂದು ಹಲ್ಲು ಕಡಿದೆ.

ಮರುದಿನ ಸಂಜೆ ಮನೆ ಮುಟ್ಟಿದೆವು. ರೇವಣ ಬಾಗಿಲಲ್ಲಿ ಎಲ್ಲರ ಕಾಲು ಮುಟ್ಟಿ ಹೋದ. ನಾನು ಚಹಾ ಕೊಟ್ಟೆ. ಗುಂಡಮ್ಮ ಬಸಿ ಮುಟ್ಟಲಿಲ್ಲ.

"ಈ ಹುಡುಗ ಬ್ಯಾಡಣ್ಣ" ಅಂದಳು.

ನನಗೆ ತಲೆ ಕೆಟ್ಟುಹೋಯಿತು. ಇಪ್ಪತ್ತಾರು ವರ್ಷದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. "ನೀ ಬಾಳೇ ಮಾಡಲಿಲ್ಲ, ನನ್ನ ಮಗಳ ಬಾಳಿಗೂ ಕಲ್ಲ ಹಾಕಾಕ ಬಂದೀ? ನಾನೂ ಅಲ್ಲೇ ಇದ್ದೆ. ಏನಾಗ್ಯಾದ ಅಲ್ಲಿ? ಏನೂ ಆಗಿಲ್ಲ. ನನ್ನ ಮಗಳ ಛಲೋ ನಿನಗ ಕಣ್ಣಾಗ ಚುಚ್ಚಾಕತ್ತದ."

ಗುಂಡಮ್ಮ ನನಗೆ ತಿರುಗಿ ಬೈಯಲಿಲ್ಲ. ಅಣ್ಣನನ್ನೇ ನೋಡುತ್ತಾ ಹೇಳಿದಳು. "ಫೋಟೊದ ಹುಡುಗನ ಮಾತಿಗಿ ನಕ್ಕಳಂತ ಕೈ ತಿರುವ್ಯಾನ. ಎಲ್ಲರ ಮುಂದ, ನಗತಾನೇ ತಿರುವ್ಯಾನ. ಮನಿಗಿ ಹೋದ ಮ್ಯಾಲ ನೋಡ್ಕೊಂತೀನಿ ಅಂದಾನ. ನಂದೂ ಹಿಂಗೇ ಸುರು ಆಗಿತ್ತಣ್ಣ. ಮೊದಲ ಕೈನೇ ಹಿಡಿದಿದ್ದ."

ಇಷ್ಟು ವರ್ಷ ಅತ್ತೆ ಮಾವನಿಗೆ ಹೇಳದ ಮಾತನ್ನು ಅವಳು ನಮ್ಮ ನಡುಮನೆಯಲ್ಲಿ, ಟಿವಿಯ ಮುಂದೆ, ಹಿಟ್ಟಿನ ಲೆಕ್ಕ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದಳು. ನಾನು ರಾಧಿಕಾಳ ಕಡೆ ನೋಡಿದೆ. ಅವಳು ತೋಳು ಮೇಲೇರಿಸಿ ಅಪ್ಪನ ಮುಂದೆ ಕೈ ಚಾಚಿದಳು. ಮುಂಗೈ ಮೇಲೆ ನಾಲ್ಕು ಬೆರಳಿನ ಗುರುತುಗಳು, ನೀಲಿಗಟ್ಟಿ ಹಳದಿಗೆ ತಿರುಗುತ್ತಿದ್ದವು. ನಮ್ಮ ಮನೆಯವರು ಹತ್ತಿರ ಬಂದು ನೋಡಿದರು. ಆಮೇಲೆ ಫೋನು ತೆಗೆದುಕೊಂಡು ಅಂಗಳಕ್ಕೆ ಇಳಿದರು. ಕಪನೂರಕ್ಕೆ ಮಾತಾಡುವ ಅವರ ದನಿ ಒಳಗೆ ಕೇಳುತ್ತಿತ್ತು, ನಿಶ್ಚಯ ಮುರಿಯುವ ಮಾತು.

ಒಳಗೆ ನಾವು ಮೂವರೇ ಉಳಿದೆವು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಮಗಳ ಕೈ ನೋಡಿ ಕರುಳು ಕಿತ್ತು ಬಂದಿದ್ದು ಖರೆ, ಆದರೆ ಆ ಕರುಳಿನ ಪಕ್ಕದಲ್ಲೇ ಹಳೆಯ ಉರಿಯೂ ಇತ್ತು, ಮೊದಲು ಬಾಯಿಗೆ ಬಂದದ್ದು ಅದೇ.

"ಹೆತ್ತಾಕಿ ನಾ, ಹತ್ತ ಹೆಜ್ಜಿ ದೂರ ನಿಂತಿದ್ದೆ. ನನಗ ಹೇಳಬೇಕಂತ ಅನಿಸಲಿಲ್ಲೇನು ನಿನಗ? ಯಾವಾಗ ನೋಡಿದ್ರೂ ಮೊದಲ ಆಕಿ ಕಡೀನೇ ಓಡ್ತಿ."

ರಾಧಿಕಾಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಗುಂಡಮ್ಮ, ಬ್ಯಾಡ ಎನ್ನುವಂತೆ ಅವಳ ಮೊಣಕಾಲ ಮೇಲೆ ಕೈ ಇಟ್ಟಳು. ಆದರೂ ರಾಧಿಕಾ ಹೇಳಿದಳು.

"ನಿನ್ನಿ ಗುಡ್ಡದ ಮ್ಯಾಲ ಮೊದಲ ನಿನ್ನ ಕಡೀನೇ ಬಂದಿದ್ದೆ ಅವ್ವಾ."